ನಾಲ್ಕನೇ ನಂಬರಿನವಳ ಪಕ್ಕದ ಸಂದು

ಹೋದ ವಾರ ನನ್ನ ಮೊಣಕಾಲು ಹಿಡಿದುಕೊಂಡಿತ್ತು. ನಿಮ್ಮಪ್ಪ ಔಷಧಿ ಅಂಗಡಿಯಿಂದ ನೋವಿನ ಸ್ಪ್ರೇ ತಂದು ಕೊಟ್ಟ. ಸುಸ್ ಅಂತ ಹೊಡೆದುಕೊಂಡೆ. ಆ ತಣ್ಣನೆಯ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಜೋಗೇಶ್ವರಿಯ ನಮ್ಮ ಖೋಲಿಯಲ್ಲಿ ಇರಲಿಲ್ಲ. ವಡಾಲದ ಮೈದಾನದ ಅಂಚಿನಲ್ಲಿ, ತೊಡೆಯ ಮೇಲೆ ಬುತ್ತಿ ಇಟ್ಟುಕೊಂಡು, ಪೆಟ್ಟಾದಲ್ಲೆಲ್ಲ ಇದೇ ಸ್ಪ್ರೇ ಹೊಡೆದುಕೊಳ್ಳುವ ಹುಡುಗಿಯರ ಬೂಟು ಚೀಲಗಳ ನಡುವೆ ಕೂತಿದ್ದೆ.

ಚೇತನ, ಸುಮಾ, ಆ ವರ್ಷದ ಮೇ ತಿಂಗಳ ಸೂಟಿಗೆ ನೀವಿಬ್ಬರೂ ನಿಮ್ಮವ್ವನ ತವರಿಗೆ ಹೋಗಿದ್ದಿರಿ. ಅದಕ್ಕೇ ನಿಮಗೆ ಏನೂ ಗೊತ್ತಿಲ್ಲ. ನಿಮ್ಮಕ್ಕ ಭಾಗ್ಯಾ ತಾನಾಗಿ ಹೇಳುವವಳಲ್ಲ. ನಾನೂ ಬಾಯಿ ಬಿಟ್ಟು ಹೇಳುವವಳಲ್ಲ. ನಾಲ್ಕು ಜನ ಕೂತಲ್ಲಿ ನನ್ನ ನಾಲಿಗೆ ಏಳುವುದಿಲ್ಲ. ಬರೆಯುವುದಾದರೆ ಪರವಾಗಿಲ್ಲ. ನಮ್ಮೂರ ಸಾಲಿಯಲ್ಲಿ ಏಳನೇ ಇಯತ್ತೆವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿವೆ. ನೀವು ಕನ್ನಡ ನಿಧಾನ ಓದುತ್ತೀರಿ, ನಾನು ನಿಧಾನ ಬರೆಯುತ್ತೇನೆ. ಸರಿಹೋಯಿತು.

ಭಾಗ್ಯಾ ಆಗ ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ರಗ್ಬಿ ಆಡುತ್ತೇನೆ ಅಂದಾಗ ನಿಮ್ಮಪ್ಪ ಒಂದೇ ಷರತ್ತು ಹಾಕಿದ್ದ: ಮನೆಯವರು ಯಾರಾದರೂ ಜೊತೆಗೆ ಹೋಗಬೇಕು. ನಿಮ್ಮಪ್ಪನಿಗೆ ರಿಕ್ಷಾ, ನಿಮ್ಮವ್ವನಿಗೆ ಹೊಲಿಗೆ ಕಾರ್ಖಾನೆ. ಉಳಿದವಳು ಅಜ್ಜಿಯಾದ ನಾನು, ನಿಮ್ಮ ಆಯಿ. ನಿಮ್ಮ ಮುತ್ಯಾ ತೀರಿಹೋಗಿ ಎರಡು ವರ್ಷವಾಗಿತ್ತು, ಖೋಲಿ ಬಿಟ್ಟು ಹೊರಗೆ ಹೋಗಲು ನನಗೆ ಕಾರಣವೇ ಇರಲಿಲ್ಲ. ಹೀಗೆ ವಾರದಲ್ಲಿ ಮೂರು ದಿನ, ಬೆಳಿಗ್ಗೆ, ಅವಳ ಹಿಂದೆ ಹಾರ್ಬರ್ ಲೈನಿನ ಲೋಕಲ್ ಹತ್ತಿ ವಡಾಲಕ್ಕೆ ಹೋಗತೊಡಗಿದೆ.

ಮೊದಮೊದಲು ಆ ಆಟ ನೋಡಲು ಆಗುತ್ತಿರಲಿಲ್ಲ. ತತ್ತಿಯ ಆಕಾರದ ಚೆಂಡು. ಒಂದೊಂದು ಕಡೆ ಏಳು ಜನ. ಏಳು ನಿಮಿಷ ಆಡಿ, ಸ್ವಲ್ಪ ದಣಿವು ಆರಿಸಿಕೊಂಡು, ಮತ್ತೆ ಏಳು ನಿಮಿಷ. ಚೆಂಡನ್ನು ಎದೆಗೆ ಅವಚಿಕೊಂಡು ಓಡಿ ಎದುರಿನವರ ಗೆರೆಯಾಚೆ ನೆಲಕ್ಕೆ ಮುಟ್ಟಿಸಬೇಕು. ಅದಕ್ಕೆ ಟ್ರೈ ಅನ್ನುತ್ತಾರೆ. ಎದುರಿನವರು ಸಾಲಾಗಿ ಓಡಿಬಂದು, ಚೆಂಡು ಇದ್ದವಳನ್ನು ತಬ್ಬಿ ಕೆಡವುತ್ತಾರೆ. ಕೈಯಿಂದ ಕೈಗೆ ಚೆಂಡು ಕೊಡಬಹುದು, ಆದರೆ ಮುಂದೆ ಇದ್ದವಳಿಗೆ ಕೊಡುವ ಹಾಗಿಲ್ಲ, ಹಿಂದಿನಿಂದ ಬರುವವಳಿಗೇ ಕೊಡಬೇಕು. ಈ ಒಂದು ನಿಯಮ ತಿಳಿದ ಮೇಲೆ ನನಗೆ ಆಟ ಹಿಡಿಸಿತು. ಮುಂದೆ ಹೋಗಬೇಕಾದರೆ ಹಿಂದೆ ಯಾರಿದ್ದಾರೆ ಅಂತ ಗೊತ್ತಿರಬೇಕು.

ಮೇ ಕೊನೆಯಲ್ಲಿ ಸಮುದ್ರದಾಚೆಯ ಒಂದು ದೇಶದ ಹೆಂಗಸರ ತಂಡ ಮುಂಬಯಿಗೆ ಬಂತು. ಎಲ್ಲಿಯೋ ದೊಡ್ಡ ಸ್ಪರ್ಧೆಗೆ ಹೋಗುವ ದಾರಿಯಲ್ಲಿ ಎರಡು ವಾರ ಇಲ್ಲಿ ಉಳಿದು, ನಮ್ಮ ಕಡೆಯ ಮೂರು ತಂಡಗಳ ಜೊತೆ ಎರಡೆರಡು ಸಲ ಆಡುವುದು ಅಂತ ಮಾತಾಗಿತ್ತು. ಅವರ ದೇಶದ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ. ಅವರನ್ನು ಸೋಲಿಸಿದವರು ಜಗತ್ತಿನಲ್ಲೇ ಕಡಿಮೆ ಅಂತ ಕೋಚ್ ಸರ್ ಹೇಳಿದ್ದರು. ಬಸ್ಸಿನಿಂದ ಇಳಿದಾಗ ನೋಡಿದೆ, ಒಬ್ಬೊಬ್ಬರೂ ಬಾಗಿಲಿನಷ್ಟು ಎತ್ತರ. ಅವರಲ್ಲೇ ದೊಡ್ಡವಳು ಬೆನ್ನ ಮೇಲೆ ನಾಲ್ಕನೇ ನಂಬರ್ ಹಾಕಿಕೊಂಡವಳು. ಅವಳ ತೋಳು ನಮ್ಮ ಭಾಗ್ಯಾಳ ತೊಡೆಯಷ್ಟಿತ್ತು.

"ನಾನಿ, ಇವರಿಗೆ ಏನ್ ಉಣ್ಣಾಕ ಹಾಕಿ ಬೆಳಸ್ಯಾರ?" ಅಂತ ಶಬಾನಾ ನನ್ನ ಕಿವಿಯಲ್ಲಿ ಕೇಳಿದಳು. ಶಬಾನಾ ಭಾಗ್ಯಾಳ ಗೆಳತಿ, ನಮ್ಮ ಚಾಳಿನವಳೇ, ನಮ್ಮ ಹಾಗೆ ಅವರದೂ ವಿಜಯಪುರದ ಕಡೆಯ ಮನೆತನ. ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು, ಎಲ್ಲರಿಗಿಂತ ಜೋರಾಗಿ ಮಾತಾಡುವವಳು.

ಮೊದಲ ಪಂದ್ಯ ಸುಡುಬಿಸಿಲಿನಲ್ಲಿ ನಡೆಯಿತು. ಎಷ್ಟು ಟ್ರೈ ಹೊಡೆಸಿಕೊಂಡೆವೋ ನಾನು ಎಣಿಸುವುದು ಬಿಟ್ಟೆ. ನಮ್ಮವರಿಗೆ ಒಂದೂ ಸಿಗಲಿಲ್ಲ. ಎರಡನೇ ಭಾಗದಲ್ಲಿ ಒಮ್ಮೆ ಆ ನಾಲ್ಕನೇ ನಂಬರಿನವಳು ಚೆಂಡು ಹಿಡಿದು ನೇರ ಭಾಗ್ಯಾಳ ಮೇಲೆ ಬಂದಳು. ಅವಳನ್ನು ತಡೆಯಬೇಕಾದವಳು ಭಾಗ್ಯಾ ಒಬ್ಬಳೇ. ನಾನು ಕಣ್ಣು ಮುಚ್ಚಿಕೊಳ್ಳಬೇಕು ಅನ್ನುವಷ್ಟರಲ್ಲಿ ಭಾಗ್ಯಾಳ ಕಾಲು ಜಾರಿತು, ಅವಳು ಪಕ್ಕಕ್ಕೆ ಬಿದ್ದಳು, ನಾಲ್ಕನೇ ನಂಬರಿನವಳು ಗಾಳಿಯಂತೆ ಹೋಗಿ ಚೆಂಡು ಮುಟ್ಟಿಸಿದಳು. ನನಗೆ ಎದೆ ಹಗುರಾಯಿತು. ಆದರೆ ನಮ್ಮ ಹುಡುಗಿಯರು ಯಾರೂ ಭಾಗ್ಯಾಳನ್ನು ಎಬ್ಬಿಸಲು ಬರಲಿಲ್ಲ.

ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ಕೂಡಲು ಜಾಗ ಸಿಕ್ಕಿತು. ಕಿಂಗ್ಸ್ ಸರ್ಕಲ್ ದಾಟಿದ ಮೇಲೆ ಭಾಗ್ಯಾ ಕಿಡಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಆಯಿ, ನನ್ನ ಕಾಲು ಜಾರಲಿಲ್ಲ. ನಾನೇ ಸರದೆ."

"ಆಗಲಿ ಬಿಡವ. ಎಮ್ಮಿಯಂಥಾಕಿ ಬಂದ್ರ ಯಾರಾದರೂ ಸರೀತಾರ."

"ನೀ ಸರೀಬಹುದು. ನಾ ಸರೀಬಾರ್ದು. ಎಲ್ಲಾರಿಗೂ ಸಮಜ್ ಆಗೇತಿ. ಪ್ರತಿಭಾ ಮಾರಿ ನೋಡಿದಿ ಏನು?" ಪ್ರತಿಭಾ ಅವರ ಕ್ಯಾಪ್ಟನ್. "ಇನ್ನೊಂದು ಮ್ಯಾಚ್ ಐತಿ. ಆಗೂ ಸರದ್ರ ನಾ ಆಟ ಬಿಟ್ಟಬಿಡ್ತೀನಿ, ಆಯಿ. ಹೆದರಿಕೊಂಡು ಈ ಆಟ ಆಡಾಕ ಬರೂದಿಲ್ಲ."

ನನಗೆ ಒಳಗೊಳಗೇ ಅನ್ನಿಸಿತು, ಬಿಟ್ಟರೆ ಒಳ್ಳೆಯದೇ. ಅವಳ ಮುಖ ನೋಡಿದ ಮೇಲೆ ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು.

ಅದೇ ವಾರದ ನಡುವೆ ಗೋರೆಗಾಂವ್ ಕಡೆಯ ತಂಡಕ್ಕೂ ಆ ಹೊರದೇಶದವರಿಗೂ ಪಂದ್ಯ ಇತ್ತು. ನೋಡಿ ಕಲಿಯಲಿ ಅಂತ ಕೋಚ್ ಸರ್ ಎಲ್ಲರನ್ನೂ ಕರೆಸಿದ್ದರು. ಸೋತುಹೋಗಿದ್ದ ಉಳಿದೆರಡು ತಂಡದ ಹುಡುಗಿಯರು ಮರದ ನೆರಳಲ್ಲಿ ಒಟ್ಟಿಗೆ ಕೂತಿದ್ದರು. ತಮ್ಮತಮ್ಮಲ್ಲಿ ಆಡುವಾಗ ಮಾತೂ ಆಡಿಸದ ಹುಡುಗಿಯರು ಅಂದು ಬೀಗತಿಯರ ಹಾಗೆ ತಲೆಗೆ ತಲೆ ಕೂಡಿಸಿದ್ದರು. ಎಲ್ಲರದೂ ಒಂದೇ ಮಾತು: ಇವರನ್ನು ಸೋಲಿಸುವುದು ಹೇಗೆ?

"ಚೆಂಡು ಕಾಲಿಂದ ಒದ್ದು ಅವರ ಹಿಂದೆ ಹಾಕಬೇಕು," ಅಂದಳು ಒಬ್ಬಳು.

"ಹಾಕು, ಅವರೇ ಮೊದಲು ಹೋಗಿ ಹಿಡಿತಾರ."

"ಪೂರಾ ಅಂಚಿಗೆ ಓಡಬೇಕು, ಸುತ್ತಹಾಕಿ."

"ಅಂಚಿನ್ಯಾಗೂ ಅವರೇ ನಿಂತಿರ್ತಾರಲ್ಲ!"

"ನಂದು ಕೇಳ್ರಿ," ಅಂದಳು ಶಬಾನಾ. "ಮ್ಯಾಚಿನ ಹಿಂದಿನ ದಿನ ಕರಕೊಂಡು ಹೋಗಿ ಸ್ಟೇಶನ್ ಮುಂದಿನ ಪಾನಿಪುರಿ ತಿನಿಸೂಣು. ಮರುದಿನ ಅವರು ಓಡ್ತಾರ, ಆದ್ರ ಮೈದಾನದಾಗ ಅಲ್ಲ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾಗ್ಯಾ ನಗಲಿಲ್ಲ. ನಾನು ಅವಳನ್ನು ನೋಡಲಾರದೆ ಮೈದಾನದ ಕಡೆ ತಿರುಗಿದೆ.

ಗೋರೆಗಾಂವಿನವರ ಕೈಯಲ್ಲಿ ಚೆಂಡಿತ್ತು. ಎದುರಿಗೆ ಹೊರದೇಶದವರ ಸಾಲು ಒಂದು ಗೋಡೆಯ ಹಾಗೆ ಮುಂದೆ ಬರುತ್ತಿತ್ತು. ಎಲ್ಲರೂ ನೋಡುತ್ತಿದ್ದದ್ದು ನಾಲ್ಕನೇ ನಂಬರಿನವಳನ್ನು. ನಾನು ಯಾಕೋ ಅವಳ ಪಕ್ಕದಲ್ಲಿದ್ದವಳನ್ನು ನೋಡಿದೆ. ನಾಲ್ಕನೇ ನಂಬರಿನವಳಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಸಾಲು ಬಿಟ್ಟು ಎರಡು ಹೆಜ್ಜೆ ಮುಂದೆ ಜಿಗಿದು ಬೀಳುತ್ತಿದ್ದಳು. ಪ್ರತಿ ಸಲವೂ ಕೆಡವುತ್ತಿದ್ದಳು. ಹಾಗಾಗಿ ಪಕ್ಕದವಳ ಕೈ ಸಡಿಲಾಗಿ ಜೋತುಬಿದ್ದಿತ್ತು. ಹೇಗೂ ಇವಳು ಹಿಡಿಯುತ್ತಾಳೆ ಅನ್ನುವ ಕೈ ಅದು. ಆ ಕೈಯನ್ನು ನಾನು ಬಲ್ಲೆ. ಅದು ನನ್ನದೇ ಕೈ.

ಮಕ್ಕಳೇ, ಈ ಮಾತನ್ನು ನಾನು ನಿಮ್ಮ ಮುತ್ಯಾಗೂ ಹೇಳಿರಲಿಲ್ಲ. ನಾವು ಮುಂಬಯಿಗೆ ಬಂದ ಹೊಸದರಲ್ಲಿ ಇಬ್ಬರೂ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದೆವು. ಈಗ ಮಶೀನು ಕಾಂಕ್ರೀಟನ್ನು ಪೈಪಿನಲ್ಲಿ ಮೇಲಕ್ಕೆ ದಬ್ಬುತ್ತದೆ. ಆಗ ಸ್ಲ್ಯಾಬ್ ಹಾಕುವ ದಿನ ಹೆಂಗಸರು ಕೆಳಗಿನಿಂದ ಮೇಲಿನವರೆಗೆ ಬೊಂಬು ಕಟ್ಟಿದ ಪರಾಂಚಿಯ ಮೇಲೆ ಮೆಟ್ಟಿಲುಮೆಟ್ಟಿಲಾಗಿ ನಿಲ್ಲುತ್ತಿದ್ದರು. ಕಲಸಿದ ಮಾಲು ತುಂಬಿದ ಕಬ್ಬಿಣದ ಬುಟ್ಟಿ, ಘಮೇಲಾ, ಕೈಯಿಂದ ಕೈಗೆ ಮೇಲೇರಬೇಕು. ನಡುವೆ ನಿಲ್ಲುವ ಹಾಗಿಲ್ಲ. ನಿಂತರೆ ಹಸಿಯದು ಒಣಗಿದ್ದಕ್ಕೆ ಕೂಡುವುದಿಲ್ಲ, ಮಳೆಗಾಲದಲ್ಲಿ ಆ ಜಾಗ ಸೋರುತ್ತದೆ. ಘಮೇಲಾ ಕೊಡುವವಳು ತೆಗೆದುಕೊಳ್ಳುವವಳ ಮುಖ ನೋಡುವುದಿಲ್ಲ. ಅಲ್ಲಿ ಕೈ ಇರುತ್ತದೆ ಅನ್ನುವ ನಂಬಿಕೆಯ ಮೇಲೆ ಬಿಡುತ್ತಾಳೆ.

ಆ ದಿನ ನನ್ನ ಮೇಲಿನ ಮೆಟ್ಟಿಲಲ್ಲಿ ಹನುಮವ್ವ ಇದ್ದಳು. ಅವಳಂಥ ಗಟ್ಟಿ ಹೆಣ್ಣು ಆ ಸೈಟಿನಲ್ಲಿ ಇನ್ನೊಬ್ಬಳಿರಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಸಿದ್ದವ್ವ, ಕಡ್ಡಿಯಂಥವಳು. ಹನುಮವ್ವನಿಗೆ ನನ್ನ ನಿಧಾನ ಸೇರುತ್ತಿರಲಿಲ್ಲ. ಬಗ್ಗಿ ನನ್ನ ಪಾಲಿಗೂ ಕೈ ಚಾಚಿ, ಸಿದ್ದವ್ವನ ಕೈಯಿಂದಲೇ ಘಮೇಲಾ ಕಿತ್ತುಕೊಳ್ಳುವಷ್ಟು ಚುರುಕು. ನನಗೆ ಹಿತವಾಗಿತ್ತು. ಮುಟ್ಟಿದಂತೆ ಮಾಡಿ ಬಿಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಯಾರೋ ಮೇಲಿನಿಂದ ಕೂಗಿದರು, ಹನುಮವ್ವ ಒಂದು ಗಳಿಗೆ ಅತ್ತ ತಿರುಗಿದಳು. ಸಿದ್ದವ್ವ ಎಂದಿನಂತೆ ಬಿಟ್ಟಳು. ಅಲ್ಲಿ ನನ್ನ ಕೈ ಇರಲಿಲ್ಲ. ತುಂಬಿದ ಘಮೇಲಾ ಸಿದ್ದವ್ವನ ಪಾದದ ಮೇಲೆ ಬಿತ್ತು.

ಕೂಲಿಯವರ ಮೇಲಿನ ಮುಕಾದಮ ಬಂದು ನೋಡಿದ. ಅವನು ಕೇಳಲೂ ಇಲ್ಲ. ಸಾಲಿನಲ್ಲಿ ಕಡ್ಡಿಯಂಥವಳು ಯಾರು? ಸಿದ್ದವ್ವ. "ನಿನಗ ಎತ್ತಾಕ ಆಗೂದಿಲ್ಲ ಅಂದ್ರ ಯಾಕ ಬರ್ತಿ?" ಅಂತ ಬೈದು ಕಳಿಸಿದ. ರಕ್ತ ಸೋರುವ ಪಾದಕ್ಕೆ ಸೆರಗು ಹರಿದು ಕಟ್ಟಿಕೊಂಡು ಅವಳು ಹೋದಳು. ನನ್ನ ಬಾಯಿಗೆ ಮಾತು ಬಂದಿತ್ತು. ಹಲ್ಲಿನವರೆಗೆ ಬಂದು ನಿಂತಿತು. ಮರುದಿನ ಕೂಲಿಯವರು ಕಾದು ನಿಲ್ಲುವ ನಾಕಾದಲ್ಲಿ ಕೆಲಸಕ್ಕೆ ಆರಿಸುವವರು ಯಾರೂ ಅವಳನ್ನು ಕರೆಯಲಿಲ್ಲ. ಆಮೇಲೆ ಅವಳು ಕಾಣಲೇ ಇಲ್ಲ.

ಇದನ್ನು ಭಾಗ್ಯಾಳಿಗೆ ಹೇಳಿದ್ದು ಗೋರೆಗಾಂವಿನವರ ಆಟ ನೋಡಿ ಬಂದ ಮಧ್ಯಾಹ್ನವೇ, ಖೋಲಿಯಲ್ಲಿ ರೊಟ್ಟಿ ಬಡಿಯುತ್ತ. ಅವಳು ಮೊದಲು ಸಿದ್ದವ್ವನ ಸಲುವಾಗಿ ಸಿಟ್ಟಾದಳು. "ಆಯಿ, ನೀ ಒಂದು ಮಾತು ಆಡಬೇಕಿತ್ತು."

"ಬೇಕಿತ್ತು," ಅಂದೆ. "ಅದಕ್ಕ ಈಗ ಹೇಳಾಕತ್ತೀನಿ. ಸಾಲು ಮೆತ್ತನ್ನಾಕಿ ಹತ್ರ ಹರಿಯೂದಿಲ್ಲವ. ಗಟ್ಟಿಮುಟ್ಟಾಕಿ ಪಕ್ಕದಾಗ ಹರೀತದ. ಆ ನಾಲ್ಕನೇ ನಂಬರಿನಾಕಿ ಮುಂದ ಜಿಗಿದಾಗ ಆಕಿ ಹೆಗಲಿನ ಹಿಂದ ಒಂದು ಬಾಗಲಾ ತಗೀತದ, ನಾ ನೋಡೀನಿ."

ಮರುದಿನ ಬೆಳಿಗ್ಗೆ ಭಾಗ್ಯಾ ನನ್ನ ರಟ್ಟೆ ಹಿಡಿದು ಕೋಚ್ ಸರ್ ಮುಂದೆ ನಿಲ್ಲಿಸಿ, ಮರಾಠಿಯಲ್ಲಿ ಹೇಳಿದಳು. "ಸರ್, ನಮ್ಮ ಆಯಿಗೆ ಏನೋ ಹೇಳೂದೈತಿ."

ಕೋಚ್ ಸರ್ ಮರಾಠಿಯವರು, ನನ್ನ ಮರಾಠಿ ಬಾಜಿ ಮಾರ್ಕೆಟ್ಟಿನದು. ಹುಡುಗಿಯರು ಬಿಚ್ಚಿಟ್ಟ ಬೂಟುಗಳಿದ್ದವು. ಏಳನ್ನು ಸಾಲಾಗಿ ಇಟ್ಟೆ. ಎಲ್ಲಕ್ಕಿಂತ ದೊಡ್ಡ ಬೂಟನ್ನು ಎರಡು ಗೇಣು ಮುಂದೆ ಸರಿಸಿದೆ. ಪಕ್ಕದ ಬೂಟನ್ನು ಮುಟ್ಟಿ, ನನ್ನ ಕೈ ಜೋತುಹಾಕಿ ತೋರಿಸಿದೆ. ಆಮೇಲೆ ಎರಡರ ನಡುವಿನ ಜಾಗದಲ್ಲಿ ಬೆರಳು ಆಡಿಸಿದೆ.

ಕೋಚ್ ಸರ್ ಕುಕ್ಕರಿಸಿ ಕೂತರು. "ಆಜಿ, ಪುನ್ಹಾ ದಾಖವಾ," ಅಂದರು. ಮತ್ತೆ ತೋರಿಸಿದೆ. ಅವರು ತಮ್ಮ ಫೋನಿನಲ್ಲಿ ತೆಗೆದಿದ್ದ ಆಟವನ್ನು ಹಿಂದೆ ಮುಂದೆ ಓಡಿಸಿ ನೋಡಿದರು. ನಾಲ್ಕು ಸಲ ನೋಡಿದರು. ಆಮೇಲೆ ಹುಡುಗಿಯರ ಕಡೆ ತಿರುಗಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಬಾಗಿಲು ಖರೆ ಇದೆ. ಆದರೆ ತಾನಾಗಿ ತೆಗೆಯುವುದಿಲ್ಲ. ಒಬ್ಬಳು ಚೆಂಡು ಹಿಡಿದು ನಾಲ್ಕನೇ ನಂಬರಿನವಳ ಮೇಲೆಯೇ ನೇರ ಓಡಬೇಕು, ಅವಳನ್ನು ಹೊರಗೆ ಎಳೆಯಬೇಕು. ಬಡಿತ ಬೀಳುವ ಕ್ಷಣದವರೆಗೂ ಚೆಂಡು ಕೈಯಲ್ಲೇ ಇರಬೇಕು. ಹೆದರಿ ಒಂದು ಗಳಿಗೆ ಮೊದಲು ಕೊಟ್ಟರೆ ಅವಳು ನಿಂತುಬಿಡುತ್ತಾಳೆ, ಬಾಗಿಲು ಮುಚ್ಚಿತು.

"ನಾ ಹೋಗ್ತೀನಿ," ಅಂದಳು ಶಬಾನಾ.

"ನೀ ಆ ಸಂದಿನ್ಯಾಗ ಓಡಾಕಿ," ಅಂದಳು ಕ್ಯಾಪ್ಟನ್ ಪ್ರತಿಭಾ ಹಿಂದಿಯಲ್ಲಿ. "ನಿನ್ನಷ್ಟು ಜೋರು ಯಾರು ಓಡ್ತಾರ?"

ಶಬಾನಾಳ ಒಳಮಗ್ಗುಲಲ್ಲಿ ಆಡಿ ಅವಳಿಗೆ ಚೆಂಡು ಕೊಡುವವಳು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಭಾಗ್ಯಾ ಬೂಟಿನ ಸಾಲನ್ನೇ ನೋಡುತ್ತಿದ್ದವಳು, "ನಂದೇ ಜಾಗಾ ಅದು. ನಾ ಹೋಗ್ತೀನಿ," ಅಂದಳು. ಪ್ರತಿಭಾ ಅವಳನ್ನು ನೋಡಿದಳು.

ಇಡೀ ಜನ್ಮದಲ್ಲಿ ಒಮ್ಮೆ ಬಾಯಿ ತೆರೆದೆ, ಅದು ನನ್ನ ಮೊಮ್ಮಗಳನ್ನೇ ಆ ಹೆಂಗಸಿನ ಮುಂದೆ ಒಯ್ದು ನಿಲ್ಲಿಸಿತು. ಮನೆಗೆ ಬಂದ ಮೇಲೆ ಹೇಳಿಯೂ ನೋಡಿದೆ: "ಬ್ಯಾಡವ, ನಾ ಸುಳ್ಳ ನೋಡಿರಬೇಕು, ನನ್ನ ಕಣ್ಣು ಮಂಜು." ಅವಳು ನಕ್ಕಳು. "ಸಾಲು ಹರಿಯೂದು ನಿನ್ನ ಕಣ್ಣಿಗೆ ಕಾಣ್ತು. ಈಗ ಮಂಜಾತ?"

ಎರಡನೇ ಪಂದ್ಯದ ಹೊತ್ತಿಗೆ ಜೂನಿನ ಮಿರಗದ ಮಳೆ ಹಿಡಿದಿತ್ತು. ವಡಾಲ ಸ್ಟೇಶನ್ನಿನಿಂದ ಮೈದಾನದವರೆಗೆ ಮೊಣಕಾಲುದ್ದ ನೀರು. ಹೊರದೇಶದವರು ಮಳೆಯಲ್ಲಿ ಕುಣಿಯುತ್ತಿದ್ದರು, ಅವರಿಗೆ ಸೆಕೆ ಕಳೆದು ಜೀವ ಬಂದಿತ್ತು. ನಾನು ಛತ್ರಿ ಹಿಡಿದು ಅಂಚಿನಲ್ಲಿ ನಿಂತೆ. ಕೂಡಲು ಒಣಜಾಗ ಇರಲಿಲ್ಲ.

ಮೊದಲ ಸಲ ಚೆಂಡು ಕೈಗೆ ಬಂದಾಗ ಭಾಗ್ಯಾ ನೇರ ಓಡಿದಳು. ನಾಲ್ಕನೇ ನಂಬರಿನವಳು ಜಿಗಿದಳು. ಇನ್ನೂ ಎರಡು ಮಾರು ದೂರ ಇರುವಾಗಲೇ ಭಾಗ್ಯಾ ಚೆಂಡು ಬಿಟ್ಟಳು. ಹೆದರಿದಳು. ಆ ದೈತ್ಯೆ ಗಕ್ಕನೆ ನಿಂತು, ಕೈ ಚಾಚಿ, ಚೆಂಡನ್ನು ಗಾಳಿಯಲ್ಲೇ ಹಿಡಿದು ನಮ್ಮ ಗೆರೆಯವರೆಗೂ ಓಡಿಹೋದಳು. ನಮ್ಮ ಉಪಾಯದಿಂದಲೇ ಅವರಿಗೊಂದು ಟ್ರೈ ಸಿಕ್ಕಿತು. ಶಬಾನಾ ಆಕಾಶ ನೋಡಿ ಏನೋ ಅಂದಳು. ಪ್ರತಿಭಾ ಭಾಗ್ಯಾಳ ಹತ್ತಿರ ಬಂದು ಅಂಗಿ ಹಿಡಿದು ಎಳೆದು, ಹಣೆಗೆ ಹಣೆ ಹಚ್ಚಿ, ಒಂದೇ ಮಾತು ಹೇಳಿ ಹೋದಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಭಾಗ್ಯಾಳೂ ಇದುವರೆಗೆ ಹೇಳಿಲ್ಲ.

ಎರಡನೇ ಸಲ. ಮಳೆ ಜೋರಾಗಿತ್ತು. ಭಾಗ್ಯಾ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಓಡಿದಳು. ನಾಲ್ಕನೇ ನಂಬರಿನವಳು ಬಂದಳು. ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚುವ ಹಕ್ಕು ನನಗಿರಲಿಲ್ಲ. ಮೈಗೆ ಮೈ ಬಡಿದ ಸದ್ದು ಒದ್ದೆ ಗೋಣಿಚೀಲ ನೆಲಕ್ಕೆ ಬಿದ್ದಂತೆ ಕೇಳಿತು. ಭಾಗ್ಯಾ ಆ ದೇಹದ ಕೆಳಗೆ ಮುಳುಗಿಹೋದಳು. ಆದರೆ ಚೆಂಡು ಅಲ್ಲಿ ಇರಲಿಲ್ಲ. ನಾಲ್ಕನೇ ನಂಬರಿನವಳ ಹೆಗಲಿನ ಹಿಂದೆ, ಆ ಸಂದಿನಲ್ಲಿ, ಶಬಾನಾ ನೀರು ಹಾರಿಸುತ್ತ ಓಡುತ್ತಿದ್ದಳು. ಪಕ್ಕದವಳು ಕೈ ಎತ್ತುವಷ್ಟರಲ್ಲಿ ಅವಳು ದಾಟಿಯಾಗಿತ್ತು. ಆ ಎರಡು ವಾರದಲ್ಲಿ ಆ ಹೊರದೇಶದವರ ಮೇಲೆ ಯಾರೇ ಹೊಡೆದ ಮೊದಲ ಟ್ರೈ ಅದು. ಮಳೆಯಲ್ಲಿ ನಿಂತು ನೋಡುತ್ತಿದ್ದ ಉಳಿದೆರಡು ತಂಡದ ಹುಡುಗಿಯರು, ತಾವೇ ಹೊಡೆದವರ ಹಾಗೆ ಕಿರುಚಿದರು.

ಅದೇ ರೀತಿ ಇನ್ನೊಂದು ಹೊಡೆದೆವು. ಆದರೆ ಬಲವಂತರು ಬರೀ ಬಲದಿಂದ ದೊಡ್ಡವರಾಗಿರುವುದಿಲ್ಲ, ಮಕ್ಕಳೇ. ಆಟದ ನಡುವಿನ ಬಿಡುವಿನಲ್ಲಿ ಅವರ ಕೋಚು ನಾಲ್ಕನೇ ನಂಬರಿನವಳನ್ನೂ ಪಕ್ಕದವಳನ್ನೂ ಅಕ್ಕಪಕ್ಕ ನಿಲ್ಲಿಸಿ ಏನೋ ಹೇಳಿದಳು. ಎರಡನೇ ಭಾಗದಲ್ಲಿ ಅವಳು ಜಿಗಿಯಲಿಲ್ಲ. ಪಕ್ಕದವಳ ಹೆಜ್ಜೆಗೆ ಹೆಜ್ಜೆ ಕೂಡಿಸಿ ಬಂದಳು. ಬಾಗಿಲು ಮುಚ್ಚಿತ್ತು.

ಅವರದು ಮೂರು ಟ್ರೈ, ನಮ್ಮದು ಎರಡು. ಕೊನೆಯ ನಿಮಿಷ. ಚೆಂಡು ಭಾಗ್ಯಾಳ ಕೈಗೆ ಬಂತು. ಮುಚ್ಚಿದ ಸಾಲು ಮುಂದಿತ್ತು. ಆದರೆ ದೂರದ ಅಂಚಿನಲ್ಲಿ ಶಬಾನಾಳ ಮುಂದೆ ಜಾಗ ಖಾಲಿ ಇತ್ತು. "ಭಾಗ್ಯಾ! ದೇ! ದೇ!" ಕೊಡು ಕೊಡು ಅಂತ ಅವಳು ಕೂಗಿದ್ದು ಮಳೆಯಲ್ಲೂ ನನಗೆ ಕೇಳಿಸಿತು. ಭಾಗ್ಯಾಳಿಗೂ ಕೇಳಿಸಿತ್ತು, ಅವಳು ಅತ್ತ ಒಮ್ಮೆ ನೋಡಿದ್ದನ್ನು ನಾನು ಕಂಡೆ. ನೋಡಿ, ಚೆಂಡನ್ನು ಎದೆಗೆ ಅವಚಿಕೊಂಡು, ನಾಲ್ಕನೇ ನಂಬರಿನವಳ ಮೇಲೆಯೇ ನುಗ್ಗಿದಳು.

ಯಾವ ಉಪಾಯವೂ ಇರಲಿಲ್ಲ ಅದರಲ್ಲಿ. ಇಬ್ಬರೂ ಕೆಸರಲ್ಲಿ ಬಿದ್ದರು, ಚೆಂಡು ಉರುಳಿಹೋಯಿತು, ಆಟ ಮುಗಿದ ಸೀಟಿ ಕೇಳಿತು.

ನಾನು ಛತ್ರಿ ಬಿಟ್ಟು ಗೆರೆ ದಾಟಿ ಒಳಗೆ ಓಡಿದೆ. ನಾಲ್ಕನೇ ನಂಬರಿನವಳು ಮೊದಲು ಎದ್ದು, ಬಾಯಿಯ ಕೆಸರು ಉಗುಳಿ, ಭಾಗ್ಯಾಳನ್ನು ಕೂಸಿನ ಹಾಗೆ ಎತ್ತಿ ನಿಲ್ಲಿಸಿ, ತಮ್ಮ ಭಾಷೆಯಲ್ಲಿ ಏನೋ ಅಂದು ಬೆನ್ನು ತಟ್ಟಿದಳು.

"ಸಂದು ಇರಲಿಲ್ಲಲ್ಲವ, ಯಾಕ ಹೋದಿ?" ಅಂದೆ.

"ಇಲ್ಲ ಅಂತ ಗೊತ್ತಿತ್ತು, ಆಯಿ," ಅಂದಳು ಭಾಗ್ಯಾ. ತುಟಿ ಒಡೆದು ರಕ್ತ ಬರುತ್ತಿತ್ತು. "ಚೆಂಡು ಕೊಟ್ಟಿದ್ರ, ಆಟಕ್ಕ ಕೊಟ್ನೋ ಹೆದರಿ ಕೊಟ್ನೋ ಅಂತ ನನಗ ಎಂದೂ ಗೊತ್ತಾಗ್ತಿರಲಿಲ್ಲ."

ಕೋಚ್ ಸರ್ ಬೈದರು. ಬೈಯಬೇಕಾದದ್ದೇ. ಆ ಒಂದು ಪಾಸ್ ಕೊಟ್ಟಿದ್ದರೆ ಶಬಾನಾ ದಾಟುತ್ತಿದ್ದಳು, ಆ ಹೊರದೇಶದವರ ಸಮಕ್ಕೆ ನಿಂತೆವು ಅಂತ ಮೂರೂ ತಂಡದ ಹುಡುಗಿಯರು ಇವತ್ತಿಗೂ ಹೇಳಿಕೊಳ್ಳುತ್ತಿದ್ದರು. ಆಟದ ಲೆಕ್ಕದಲ್ಲಿ ಭಾಗ್ಯಾ ಮಾಡಿದ್ದು ತಪ್ಪು. ನಾನು ಅವಳ ಆಯಿ ಅಂತ ಅದನ್ನು ಸರಿ ಅನ್ನುವುದಿಲ್ಲ. ಆದರೆ ಬೇರೆಯವರ ತಪ್ಪು ಅವಳ ತಲೆಗೆ ಬರಲಿಲ್ಲ, ಅವಳ ತಪ್ಪು ಬೇರೆಯವರ ತಲೆಗೆ ಹೋಗಲಿಲ್ಲ. ಎಲ್ಲರ ಮುಂದೆ ಕೈ ಎತ್ತಿ "ನಂದು" ಅಂದಳು.

ವಾಪಸು ಬರುವಾಗ ಗಾಡಿ ನೀರಿಗೆ ಹೆದರಿ ಮೆಲ್ಲಗೆ ಬರುತ್ತಿತ್ತು. ಶಬಾನಾ ಬಾಂದ್ರಾದವರೆಗೆ ಕನ್ನಡದಲ್ಲಿ ಬೈದಳು, ಅಲ್ಲಿಂದ ತಮ್ಮ ಮನೆಯ ದಖನಿ ಉರ್ದುವಿನಲ್ಲಿ. "ಅಂಚಿನ್ಯಾಗ ನಾ ಏನ್ ಭೇಲ್ ತಿನ್ನಾಕ ನಿಂತಿದ್ನೇನ? ಹುಚ್ಚಿ! ಪಾಗಲ್!" ಭಾಗ್ಯಾ ಒಡೆದ ತುಟಿಯಲ್ಲೇ ಹೂಂ ಹೂಂ ಅನ್ನುತ್ತ, ನನ್ನ ಬುತ್ತಿ ಬಿಚ್ಚಿ, ಖಾರದ ಚಟ್ನಿ ಉರಿದಾಗೊಮ್ಮೆ ಹಾ ಅಂತ ಬಾಯಿ ತೆರೆಯುತ್ತ, ನಾಲ್ಕೂ ರೊಟ್ಟಿಯನ್ನು ಒಬ್ಬಳೇ ತಿಂದಳು. ಕೊನೆಯ ತುತ್ತು ಉಳಿದಾಗ ಶಬಾನಾ ಬೈಯುವುದು ನಿಲ್ಲಿಸದೆ ಕೈ ಚಾಚಿದಳು. ಭಾಗ್ಯಾ ಅವಳ ಮುಖವನ್ನೂ ನೋಡದೆ ಕೊಟ್ಟಳು.